ಸೋಮವಾರದ ಪ್ರಶ್ನೆ

ಗಾದಿ ಹೊಲಿಯುವ ಕೊಟ್ರಪ್ಪನ ಹೆಂಡತಿ ಹಾಲಮ್ಮನಿಗೆ ಮರೆವಿನ ಕಾಯಿಲೆ ಬಂತು. ಮೊದಲು ಒಲೆ ಮೇಲಿನ ಹಾಲು ಮರೆತಳು. ಆಮೇಲೆ ಬಚ್ಚಲು ಯಾವ ಕಡೆ ಅನ್ನೋದೇ ಮರೆತಳು. ದೊಡ್ಡಾಸ್ಪತ್ರೆಯವರು ಇದು ಅಲ್ಝೈಮರ್, ವಾಸಿಯಾಗೋ ಕಾಯಿಲೆ ಅಲ್ಲ ಅಂದರು. ಮಾತ್ರೆ ಕೊಟ್ಟರು.

ಪೇಟೆಯಲ್ಲಿ ಒಬ್ಬ ಡಾಕ್ಟರಮ್ಮ ಸೂಜಿ ಚುಚ್ಚಿ ಚಿಕಿತ್ಸೆ ಮಾಡುತ್ತಿದ್ದರು. ಅಕ್ಯುಪಂಕ್ಚರ್ ಅಂತಾರೆ. ಕೊಟ್ರಪ್ಪ ಅಲ್ಲಿಗೆ ಕರೆದುಕೊಂಡು ಹೋದ. ಹರಿದದ್ದನ್ನು ಸೂಜಿಯೇ ಕೂಡಿಸಬೇಕು ಅನ್ನೋದು ಅವನ ನಂಬಿಕೆ. ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ.

"ಇದರಿಂದ ಮರೆವು ಹೋಗುತ್ತೆ ಅಂತ ಯಾರೂ ಗಟ್ಟಿಯಾಗಿ ಹೇಳಿಲ್ಲ ಯಜಮಾನರೇ. ನಿದ್ದೆ ಸ್ವಲ್ಪ ಬಂದೀತು. ಮಾತ್ರೆ ಬಿಡಬೇಡಿ."

ಕೊಟ್ರಪ್ಪ ತಲೆ ಆಡಿಸಿದ. ಕೇಳಿಸಿಕೊಳ್ಳಲಿಲ್ಲ.

ಪ್ರತಿ ಸೋಮವಾರ ಸೂಜಿ. ನೆತ್ತಿಗೆ, ಕೈಗೆ, ಕಾಲಿಗೆ. ತೆಗೆದ ಮೇಲೆ ಅವನದು ಒಂದೇ ಪ್ರಶ್ನೆ. ನಿನ್ನ ಗಂಡನ ಹೆಸರೇನು?

ಹಾಲಮ್ಮ ಸೆರಗು ಬಾಯಿಗೆ ಹಿಡಿದು ತಲೆ ತಗ್ಗಿಸುತ್ತಿದ್ದಳು. ಹಳೇ ಕಾಲದವಳು. ನಲವತ್ತು ವರ್ಷದಲ್ಲಿ ಒಂದು ದಿನವೂ ಗಂಡನ ಹೆಸರು ಎತ್ತಿದವಳಲ್ಲ. ರೇಷನ್ ಅಂಗಡಿಯವನು ಕೇಳಿದರೂ ಪಕ್ಕದವಳ ಬಾಯಲ್ಲಿ ಹೇಳಿಸುತ್ತಿದ್ದಳು. ಕಾಯಿಲೆ ಅವಳಿಗೆ. ಇದನ್ನು ಮರೆತವನು ಕೊಟ್ರಪ್ಪ.

ಬಸ್ಸಿನಲ್ಲಿ ಬೈಯುತ್ತಿದ್ದ. ಇಷ್ಟು ಸೂಜಿ ಗೋಣಿಚೀಲಕ್ಕೆ ಹಾಕಿದ್ದರೂ ಅದು ಮಾತಾಡುತ್ತಿತ್ತು ಅನ್ನುತ್ತಿದ್ದ. ಒಂದು ಸಲ ತೋಳು ಹಿಡಿದು ಜೋರಾಗಿ ಅಲುಗಿಸಿದ.

ಒಂಬತ್ತನೇ ಸೋಮವಾರ ಹಾಲಮ್ಮ ತಲೆ ಎತ್ತಿದಳು. "ಕೊಟ್ರಪ್ಪ" ಅಂದಳು.

ಅವನ ಕಣ್ಣಲ್ಲಿ ನೀರು ಬಂತು. ಹೊರಗಿಂದ ಪೇಡೆ ತಂದು ಅಲ್ಲಿ ಕೂತವರಿಗೆಲ್ಲ ಹಂಚಿದ. ಡಾಕ್ಟರಮ್ಮ ಮಾತ್ರ ನಗಲಿಲ್ಲ.

ವಾಪಸ್ ಬರುವಾಗ ಹಾಲಮ್ಮ ಕಿಟಕಿಗೆ ಒತ್ತಿಕೊಂಡು ಕೂತಳು. ಮೆಲ್ಲಗೆ ಅಂದಳು.

"ಯಣ್ಣಾ, ನಮ್ಮನೇರಿಗೆ ಹೇಳಬ್ಯಾಡ. ನೀನು ಹೊಡೀತೀಯೇನೋ ಅಂತ ಹೆದರಿ ಅವರ ಹೆಸರು ಹೇಳಿಬಿಟ್ಟೆ."

"ಹೇಳಲ್ಲ ತಾಯಿ" ಅಂದ ಕೊಟ್ರಪ್ಪ.

ಅವಳು ಸುಮ್ಮನಿದ್ದಷ್ಟು ದಿನ ಅವನು ಗಂಡ. ಹೆಸರು ಹೇಳಿದ ದಿನ ಯಾರೋ.

ಆಮೇಲೆ ಅವನು ಏನೂ ಕೇಳಲಿಲ್ಲ. ಅವಳು ಹೆಚ್ಚು ದಿನ ಇರಲೂ ಇಲ್ಲ. ಕಡೇವರೆಗೂ ಅವನು ಹತ್ತಿರ ಬಂದರೆ ತೋಳು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಬಾಯಿಗೆ ನೀರು ಬಿಡಲು ಪಕ್ಕದ ಮನೆಯವಳನ್ನೇ ಕರೆಯಬೇಕಾಯಿತು.

ನೀತಿ: ಮದ್ದು ಮಾಡಿಸಿ, ಬೇಡ ಅನ್ನಲ್ಲ. ಗಟ್ಟಿಯಾಗಿ ಹೇಳಲಾರೆ ಅಂದ ವೈದ್ಯರ ಮಾತನ್ನೂ ನಂಬಿ. ಮರೆತವರನ್ನು ಪರೀಕ್ಷೆ ಮಾಡಬೇಡಿ. ಹೆಸರು ಹೋದರೂ ಹೆದರಿಕೆ ಉಳಿಯುತ್ತದೆ.