ಅಕ್ಕನ ಹೊಲದ ಹೊಂಗೆ

ಪೂಜ್ಯ ನಿರ್ವಾಣವ್ವ ತಾಯಿಯವರಿಗೆ ಮಠವಿರಲಿಲ್ಲ, ಗದ್ದುಗೆಯಿರಲಿಲ್ಲ. ಮಲಪ್ರಭೆಯ ಕಾಲುವೆ ತೋಡುವಾಗ ಕೂಲಿಯವರು ಕಟ್ಟಿ ಬಿಟ್ಟುಹೋದ ತಗಡಿನ ಗುಡಿಸಲೇ ಅವರ ಆಶ್ರಮ. ಅದರ ಮುಂದೆ ಹಳೆಯ ಎಣ್ಣೆಡಬ್ಬಿಗಳಲ್ಲಿ ಹೊಂಗೆ, ಬೇವು, ಕರಿಜಾಲಿಯ ಸಸಿಗಳು. ದರ್ಶನಕ್ಕೆ ಬಂದವರು ಹೂವು ಹಣ್ಣು ತಂದರೆ ತಾಯಿಯವರು ನಗುತ್ತ, "ಒಂದು ಕೊಡ ನೀರು ತಂದಿದ್ರ ಸಾಕಾಗಿತ್ತವಾ" ಎನ್ನುತ್ತಿದ್ದರು.

ಆ ಊರಿನಲ್ಲಿ ಸಾತವ್ವ ಎಂಬ ಹೆಣ್ಣುಮಗಳಿದ್ದಳು. ಅವಳ ಗಂಡನೂ ವಾರಗಿತ್ತಿ ಬಾಳವ್ವನ ಗಂಡನೂ ಒಡಹುಟ್ಟಿದವರು. ಪಾಲಾದಾಗ ಹಿರಿಯನಾದ ಬಾಳವ್ವನ ಗಂಡನಿಗೆ ಏರಿನ ಹೊಲ ಬಂತು, ಸಾತವ್ವನ ಗಂಡನಿಗೆ ಅದರ ಕೆಳಗಿನ ತಗ್ಗಿನ ಹೊಲ. ಕಾಲುವೆಗೆ ನೀರು ಬಂದ ಹೊಸತರಲ್ಲಿ ಎರಡೂ ಒಂದೇ ಸಮ ಬೆಳೆದವು. ಬರಬರುತ್ತ ಸಾತವ್ವನ ಹೊಲದಲ್ಲಿ ತೇವ ಆರದಾಯಿತು, ಬಿಸಿಲೇರಿದರೆ ನೆಲದ ಮೇಲೆ ಬೆಳ್ಳಗೆ ಉಪ್ಪಿನ ಸವುಳು ಏಳತೊಡಗಿತು. ಬಿತ್ತಿದ ಜೋಳ ಗೇಣುದ್ದ ಬಂದು ಕಮರುತ್ತಿತ್ತು. ಬದುವಿನಾಚೆ ವಾರಗಿತ್ತಿಯ ಜೋಳ ಮಾತ್ರ ವರ್ಷವೂ ತೆನೆ ಹೊತ್ತು ತೂಗುತ್ತಿತ್ತು. ಅದನ್ನು ನೋಡಿದರೆ ಸಾತವ್ವನ ಹೊಟ್ಟೆಯಲ್ಲಿ ಕೆಂಡ ಸುರಿದಂತಾಗುತ್ತಿತ್ತು. ಹೊಲಕ್ಕೆ ಹೋಗುವಾಗ ಸೆರಗನ್ನು ಮುಖಕ್ಕೆ ಎಳೆದುಕೊಳ್ಳುವಳು. ಬಾಳವ್ವ ಎದುರಾಗಿ "ಆರಾಮೇನ ತಂಗಿ?" ಎಂದರೆ ಕೇಳಿಸದವಳ ಹಾಗೆ ಸಾಗುವಳು.

ಕೊನೆಗೊಂದು ದಿನ ಅವಳು ತಾಯಿಯವರ ಪಾದ ಹಿಡಿದಳು. "ಈ ಹೊಲ ಬಿಟ್ರ ನಮಗ ಬ್ಯಾರೆ ಗತಿ ಇಲ್ರೀ ಯವ್ವಾ. ಉಳಿಸಿಕೊಡ್ರಿ."

ತಾಯಿಯವರು ಬರಿಗಾಲಲ್ಲಿ ಆ ಹೊಲದ ತುಂಬ ನಡೆದಾಡಿದರು. ಚಿಟಿಕೆ ಮಣ್ಣೆತ್ತಿ ನಾಲಿಗೆಗೆ ಇಟ್ಟುಕೊಂಡರು. ಏರಿನ ಕಡೆ ಬಹಳ ಹೊತ್ತು ನೋಡಿದರು. "ಆಗಲವಾ, ಗಿಡ ಹಚ್ಚೋಣು" ಎಂದಷ್ಟೇ ಹೇಳಿ ಹೊರಟರು.

ಮರುದಿನ ಬೆಳಿಗ್ಗೆ ಸಾತವ್ವ ಮಡಿಯುಟ್ಟು ಬದುವಿನ ಮೇಲೆ ಕಾದು ನಿಂತಳು. ತಾಯಿಯವರು ಹೊಂಗೆ ಸಸಿಗಳ ಬುಟ್ಟಿ ಹೊತ್ತು ಬಂದರು. ಅವಳ ಹೊಲ ದಾಟಿದರು, ಬದು ಹತ್ತಿದರು, ಬಾಳವ್ವನ ಹೊಲದಲ್ಲಿ ಕುಳಿತು ಗುಂಡಿ ತೋಡತೊಡಗಿದರು! ಬಾಳವ್ವನಾದರೋ ಬದುವಿನುದ್ದಕ್ಕೂ ಮೊಣಕಾಲೆತ್ತರ ಬೆಳೆದ ಜೋಳವನ್ನು ಸರಸರನೆ ಕಿತ್ತು ಜಾಗ ಮಾಡುತ್ತಿದ್ದಳು. ತಾಯಿಯವರನ್ನು ಒಲಿಸಿಕೊಳ್ಳಲು ಬೆಳೆಯನ್ನೇ ಕಿತ್ತೊಗೆಯುತ್ತಾಳಲ್ಲ ಎಂದು ಸಾತವ್ವ ಹಲ್ಲು ಕಡಿದಳು. ಹೀಗೇಕೆ ಎಂದು ತಾಯಿಯವರನ್ನು ಒಂದು ಮಾತು ಕೇಳಿದ್ದರೆ ಮುಗಿದಿತ್ತು. ಆದರೆ ಹೊಟ್ಟೆಕಿಚ್ಚಿಗೆ ಕೇಳುವ ಬಾಯಿ ಎಲ್ಲಿಯದು? ತಿರುಗಿ ಮನೆಗೆ ಬಂದವಳು ಆ ದಿನ ಒಲೆಯನ್ನೇ ಹಚ್ಚಲಿಲ್ಲ.

ತಾಯಿಯವರು ದಿನವೂ ಬಂದು ಆ ಸಸಿಗಳಿಗೆ ನೀರುಣಿಸಿದರು. ಸಾತವ್ವ ತನ್ನ ಆಡುಗಳನ್ನು ಬೇಕೆಂದೇ ಅತ್ತ ಬಿಟ್ಟಳು. ಅವು ಹೊಂಗೆಯನ್ನು ಮೂಸಿ ನೋಡಿ ಮುಖ ತಿರುಗಿಸಿದವು. ಅವಳ ಹೊಟ್ಟೆಯುರಿಗೆ ಆಡುಗಳೂ ಜೊತೆಯಾಗಲಿಲ್ಲ ನೋಡಿ! ಹೊಂಗೆ ಚಿಗುರೊಡೆದು ಮಿರಿಮಿರಿ ಮಿಂಚಿದ ದಿನ ಅವಳಿಗೆ ತಡೆಯಲಾಗಲಿಲ್ಲ. ಬದು ಹತ್ತಿದವಳೇ ಸಾಲಿನ ಕೊನೆಯ ಸಸಿಯನ್ನು ಬುಡಸಮೇತ ಕಿತ್ತಳು. ತಲೆಯೆತ್ತಿದರೆ ಎದುರಿಗೆ ಕೊಡ ಹೊತ್ತ ತಾಯಿಯವರು.

ನಾಚಿಕೆಗಿಂತ ಸಿಟ್ಟೇ ಮುಂದಾಯಿತು. "ಬೇಡಿಕೊಂಡಾಕಿ ನಾನು, ಗಿಡ ಬಂದದ್ದು ಆಕಿಗೆ! ಸುರೀರಿ, ಇದ್ದವರ ಮಡಿಲಿಗೇ ಸುರೀರಿ ನಿಮ್ಮ ಪುಣ್ಯಾನೆಲ್ಲ!"

ತಾಯಿಯವರು ಕೊಡವನ್ನು ಮೆಲ್ಲನೆ ಇಳಿಸಿದರು.

"ಇವು ನಿನ್ನ ಗಿಡ, ಮಗಳ. ಆಕಿ ಹೊಲದಾಗ ನಿಂತಾವ, ಅಷ್ಟ."

ಸಾತವ್ವ ಮಿಕಿಮಿಕಿ ನೋಡಿದಳು.

"ಏರಿಗೆ ಹಾಯಿಸಿದ ನೀರು ನೆಲದೊಳಗ ಇಳದು ನಿನ್ನ ತಗ್ಗಿನಾಗ ಬಂದು ಉಕ್ಕತೈತಿ, ಉಪ್ಪು ಮ್ಯಾಲ ತರತೈತಿ. ಅದನ್ನ ನಡುದಾರಿಯಾಗ ಕುಡಿಯಾಕ ಬೇರು ಬೇಕು. ಅದಕ್ಕ ಇಲ್ಲಿ ಹಚ್ಚೀನಿ."

"ಹಂಗಾರ... ಆಕಿ ಯಾಕ ಜಾಗಾ ಕೊಟ್ಳರಿ?"

"'ನಮ್ಮ ಸಾತಿ ಹೊಲ ನೆಟ್ಟಗಾಗತೈತೇನ್ರಿ' ಅಂತ ಕೇಳಿದ್ಳು. ಹೂಂ ಅಂದೆ. ಅಷ್ಟಕ್ಕ ಜೋಳ ಕೀಳಾಕ ಹತ್ತಿದ್ಳು."

ಸಾತವ್ವ ತಾನು ಕಿತ್ತ ಗುಂಡಿಯತ್ತ ನೋಡಿದಳು. ಇಷ್ಟು ವರ್ಷ ಯಾರ ತೆನೆಗೆ ಕಣ್ಣು ಕೆಂಪು ಮಾಡಿಕೊಂಡಿದ್ದಳೋ ಅವಳು ತನಗಾಗಿ ತೆನೆಯನ್ನೇ ಬಿಟ್ಟುಕೊಟ್ಟಿದ್ದಳು. ಅಷ್ಟರಲ್ಲಿ ಬಾಳವ್ವನೂ ನೀರು ಹೊತ್ತು ಬಂದಳು. ಸಾತವ್ವನ ಕೈಯಲ್ಲಿದ್ದ ಸಸಿಯನ್ನು ಕಂಡಳು, ಬುಡದ ಹಸಿಮಣ್ಣನ್ನೂ ಕಂಡಳು. ಎಲ್ಲ ತಿಳಿದೂ ಕೊಡ ಇಳಿಸಿ ಕೈ ಚಾಚಿದಳು.

"ಬಾಡೇತೇನವಾ ಅದು? ತಾ ಇಲ್ಲಿ, ಮತ್ತ ಹಚ್ಚೋಣು."

"ಅಕ್ಕಾ" ಎಂದಳು ಸಾತವ್ವ. ಅಳುತ್ತಲೇ ಸಸಿಯನ್ನು ಅವಳ ಕೈಗಿಟ್ಟಳು. ತಾಯಿಯವರು ಅವಳ ತಲೆಯ ಮೇಲೆ ಕೈಯಿಟ್ಟರು. ಆ ಸಸಿಯನ್ನು ವಾರಗಿತ್ತಿಯರಿಬ್ಬರೂ ಸೇರಿ ಅದೇ ಗುಂಡಿಯಲ್ಲಿ ಮತ್ತೆ ನೆಟ್ಟರು.

ಹೊಂಗೆ ಎತ್ತರವಾಯಿತು. ತಗ್ಗಿನ ಹೊಲದಲ್ಲಿ ಮೊದಲು ಕರಿಕೆ ಹುಲ್ಲು ಹಬ್ಬಿತು, ಬೆಳ್ಳಗಿನ ನೆಲ ತೇಪೆತೇಪೆಯಾಗಿ ಕಪ್ಪಾಯಿತು, ಆಮೇಲೆ ಜೋಳವೂ ಬಂತು. ಕಿತ್ತು ನೆಟ್ಟ ಆ ಕೊನೆಯ ಗಿಡ ಮಾತ್ರ ಉಳಿದವುಗಳಿಗಿಂತ ಕುಳ್ಳಾಗಿಯೇ ಉಳಿಯಿತು. ಎಳ್ಳಮಾವಾಸ್ಯೆಯಂದು ಭೂತಾಯಿಗೆ ಎಡೆಯ ಚರಗ ಚೆಲ್ಲುವಾಗ ಎಲ್ಲರೂ ಅವರವರ ಹೊಲಕ್ಕೆ ಮೊದಲ ತುತ್ತು ಹಾಕುತ್ತಾರೆ. ಸಾತವ್ವ ಬದುಕಿದ್ದ ತನಕ ಬದು ಹತ್ತಿ, ಆ ಕುಳ್ಳ ಗಿಡದ ಬುಡಕ್ಕೆ ಮೊದಲ ತುತ್ತು ಹಾಕಿ, ಆಮೇಲೆಯೇ ತನ್ನ ಹೊಲಕ್ಕೆ ಇಳಿಯುತ್ತಿದ್ದಳು.