ಹಿಮನಾಡಿನ ದೇವರಿಗೆ ಬರೆದ ಕಣ್ಣು

“ಗುರುಗಳೇ, ಇನ್ನೊಬ್ಬರ ಕೊರತೆ ನಮ್ಮ ಕಣ್ಣಿಗೆ ಬಿದ್ದರೆ, ಅವರು ಕೇಳುವ ಮೊದಲೇ ತುಂಬಿಕೊಡುವುದು ದೊಡ್ಡ ಗುಣವಲ್ಲವೇ?” ಎಂದು ಶಿಷ್ಯ ನಿರುಪಾದಿ ಕೇಳಿದ.

ಗುರುಗಳು ನಕ್ಕರು. “ನಿನಗೆ ಯಾವಾಗಲೂ ಅವಸರ. ಕೂತು ಕೇಳು,” ಎಂದು ಹೇಳತೊಡಗಿದರು.

ಕಡಲ ತೀರದ ಒಂದು ಊರಿನಲ್ಲಿ ಒಬ್ಬ ಚಿತ್ರಗಾರನಿದ್ದ. ಹೆಬ್ಬೆರಳುದ್ದದ ಮರದ ಗೊಂಬೆಗಳಿಗೆ ಬಣ್ಣ ಹಾಕುವುದು ಅವನ ಕಸುಬು. ಒಂದು ಬೆಳಿಗ್ಗೆ ಹಿಮದ ನಾಡಿನ ನಾವಿಕನೊಬ್ಬ ಬಂದು ಬಣ್ಣ ಹೋದ ಗೊಂಬೆಯೊಂದನ್ನು ಅವನ ಕೈಗಿಟ್ಟ.

“ಇವನು ನಮ್ಮ ದೇವರು ಓಡಿನ್. ಉಪ್ಪುನೀರಿಗೆ ಬಣ್ಣವೆಲ್ಲ ಹೋಯಿತು. ಹಡಗಿನಲ್ಲಿ ನನ್ನ ಅಪ್ಪ ಸಾಯುತ್ತ ಮಲಗಿದ್ದಾನೆ. ಉಸಿರು ಹೋಗುವ ಮೊದಲು ಇವನ ಮುಖ ನೋಡಬೇಕಂತೆ. ಬೇಗ ಮಾಡಿಕೊಡಿ,” ಎಂದವನೇ ಹಡಗಿನ ಕಡೆ ಓಡಿದ. ಹೆಚ್ಚು ಹೇಳಲು ಅವನಿಗೆ ವ್ಯವಧಾನವಿರಲಿಲ್ಲ. ಕೇಳಲು ಇವನಿಗೂ ತೋಚಲಿಲ್ಲ.

ಗೊಂಬೆಯ ಹೆಗಲ ಮೇಲೆ ಎರಡು ಕಾಗೆಗಳು. ಕಾಗೆ ಕಂಡ ಮೇಲೆ ಕೇಳಬೇಕೆ? ಇವನು ಶನಿದೇವರ ದಾಯಾದಿಯೇ ಇರಬೇಕೆಂದು ಚಿತ್ರಗಾರ ಹೆದರಿದ. ಭಯಭಕ್ತಿಯಿಂದ ಗಡ್ಡ, ನಿಲುವಂಗಿ, ಭರ್ಜಿ ಮುಗಿಸಿದ. ಕೊನೆಗೆ ಕಣ್ಣು. ನೋಡಿದರೆ ಒಂದೇ ಕಣ್ಣಿನ ಗುರುತಿದೆ, ಇನ್ನೊಂದರ ಜಾಗ ಬೋಳು. ಅದನ್ನೂ ಉಪ್ಪುನೀರು ತಿಂದಿರಬೇಕೆಂದು ಮರುಗಿದ. ದೇವರಿಗೆ ಒಂದು ಕಣ್ಣು ಬರೆದು ಇನ್ನೊಂದನ್ನು ಬಿಡುವುದು ಅವನ ಮನೆತನದಲ್ಲಿ ಮಹಾಪಾಪ. ಕೈ ತೊಳೆದು, ಉಸಿರು ಬಿಗಿಹಿಡಿದು, ಅಳಿಲಿನ ಕೂದಲಿನ ಕುಂಚದಿಂದ ಎರಡೂ ಕಣ್ಣು ಬರೆದ.

ನಾವಿಕ ಏದುಸಿರು ಬಿಡುತ್ತ ಬಂದ. ಗೊಂಬೆ ನೋಡಿ ಅವನ ಮುಖ ಬಿಳುಚಿಕೊಂಡಿತು.

“ಇದೇನು ಮಾಡಿದಿರಿ! ಒಂದು ಗುಟುಕು ಜ್ಞಾನದ ನೀರಿಗಾಗಿ ಅವನು ತಾನೇ ಕಿತ್ತುಕೊಟ್ಟ ಕಣ್ಣು ಅದು. ಎರಡು ಕಣ್ಣಿನ ಇವನನ್ನು ಅಪ್ಪ ಗುರುತೇ ಹಿಡಿಯುವುದಿಲ್ಲ!”

“ಅಯ್ಯೋ, ಪಾಪ ಅಂತ ಬರೆದೆನಪ್ಪಾ!”

ಚಿತ್ರಗಾರ ಚೂರಿ ಎತ್ತಿಕೊಂಡ. ಬಣ್ಣ ಇನ್ನೂ ಹಸಿ, ಒರೆಸಿದರೆ ಕೆನ್ನೆಗೆಲ್ಲ ಹರಡುತ್ತದೆ. ಕೆರೆಯುವಾಗ ಚೂರಿ ಜಾರಿದರೆ ಮುಖವೇ ಹೋಗುತ್ತದೆ. ತಡಮಾಡಿದರೆ ಅಲ್ಲಿ ಮುದುಕನ ಉಸಿರು ಹೋಗುತ್ತದೆ. ದೇವರ ಕಣ್ಣು ತೆಗೆದ ಪಾಪ ಬೇರೆ. ಮೊಣಕೈಯನ್ನು ಮೊಣಕಾಲಿಗೆ ಒತ್ತಿಹಿಡಿದು, ಸಾಸಿವೆಯಷ್ಟು ಕಣ್ಣನ್ನು ಕೆರೆದು ತೆಗೆದ. ನಾವಿಕ ಗೊಂಬೆ ಕಸಿದುಕೊಂಡು ಓಡಿದ.

ಹಡಗಿನಲ್ಲಿ ಮುದುಕ ಆ ಮುಖವನ್ನು ದಿಟ್ಟಿಸಿ ನೋಡಿದ. ಕಣ್ಣಿಲ್ಲದ ಜಾಗದ ಮೇಲೆ ಬೆರಳಾಡಿಸಿ, “ಇವನೇ,” ಎಂದ. ಹಾಗೆಯೇ ಕಣ್ಣು ಮುಚ್ಚಿದ.

ಗುರುಗಳು ಕತೆ ನಿಲ್ಲಿಸಿದರು. ನಿರುಪಾದಿಗೆ ಸಮಾಧಾನವಾಗಲಿಲ್ಲ. “ಚಿತ್ರಗಾರನ ಮನಸ್ಸು ಒಳ್ಳೆಯದೇ ಅಲ್ಲವೇ? ಕೊರತೆ ಕಂಡಿತು, ತುಂಬಿದ. ಅದರಲ್ಲಿ ತಪ್ಪೇನು?” ಎಂದ.

“ಕೊರತೆ ಅಂತ ನಿನಗೆ ಹೇಳಿದವರು ಯಾರು?” ಎಂದರು ಗುರುಗಳು.