ಕೂಗುಕಲ್ಲಿನ ಜಡೇಗೌಡ

ನಮ್ಮ ಬೆಟ್ಟಕ್ಕೆ ತಪ್ಪು ಗಾಡಿ ಮಂಜೂರು ಮಾಡಿದ್ದಾರೆ. ರೋಗಿಗಳನ್ನು ಇಳಿಸಲು ಜೀಪು ಕೇಳಿದೆವು, ಮಿರುಗುವ ಕಾರು ಬರುತ್ತಿದೆ. ಇದರಲ್ಲೂ ಎಂಜಿನ್ನಿನ ಬಲ ನಾಲ್ಕು ಚಕ್ರಕ್ಕೂ ಹೋಗುತ್ತದೆ, ಅದೂ ಇದೂ ಒಂದೇ ಅಂತ ಸಾಹೇಬರು ಅನ್ನುತ್ತಾರೆ. ಒಂದೇ ಅಲ್ಲ. ಒಂದೇ ಅಲ್ಲ ಅಂತ ತೋರಿಸಿಕೊಟ್ಟವನು ನಮ್ಮಲ್ಲೇ ಒಬ್ಬನಿದ್ದ. ಕೂತು ಕೇಳಿ.

ಬಹಳ ಹಿಂದೆ, ಇಸವಿ ಯಾರಿಗೂ ನೆನಪಿಲ್ಲ, ಬೆಟ್ಟದ ನೆತ್ತಿಯ ಗವಿದೊಡ್ಡಿಯಲ್ಲಿ ಜಡೇಗೌಡ ಅಂತ ಒಬ್ಬನಿದ್ದನಂತೆ. ಮೂರು ಸತ್ತ ಜೀಪುಗಳನ್ನು ಬಿಚ್ಚಿ ಒಂದು ಬದುಕಿರುವ ಜೀಪು ಕಟ್ಟಿದ ಅಂತಾರೆ. ಅದರ ಸದ್ದು ಕೇಳಿದರೆ ಆನೆಗಳು ದಾರಿ ಬಿಡುತ್ತಿದ್ದವು ಅಂತಾರೆ. ಬೆಟ್ಟದಲ್ಲಿ ಯಾರಿಗೆ ಕಾಯಿಲೆಯಾದರೂ ಇಳಿಸುವವನು ಅವನೇ.

ಡಾಂಬರು ಮುಗಿದು ಆನೆಜಾರು ಎಂಬ ಏರು ಶುರುವಾಗುವ ಜಾಗದಲ್ಲಿ ಕೂಗುಕಲ್ಲು ಅಂತ ಒಂದು ಕಲ್ಲು ಇದೆಯಲ್ಲ, ಅಲ್ಲಿ ಅವನು ಜೀಪು ನಿಲ್ಲಿಸಿ ಇಳಿಯುತ್ತಿದ್ದ. ಮುಂದಿನ ಎರಡು ಚಕ್ರಗಳ ನಟ್ಟನಡುವೆ ಒಂದೊಂದರಂತೆ ಇರುವ ಬಿಲ್ಲೆಗಳನ್ನು ಕೈಯಿಂದ ತಿರುಗಿಸುತ್ತಿದ್ದ. ಹತ್ತಿ ಕೂತು ಚಿಕ್ಕ ಗೇರನ್ನು ಎಳೆಯುತ್ತಿದ್ದ. ಆಮೇಲೆ ಕೂಗುತ್ತಿದ್ದ: “ಮುಂದಿನವು ಸೇರಿದವಾ?” ಒಳಗಿದ್ದವರೆಲ್ಲ ಬಗ್ಗಿ ಬಿಲ್ಲೆ ನೋಡಿ “ಸೇರಿದವು!” ಅನ್ನಬೇಕು. ಅನ್ನದಿದ್ದರೆ ಜೀಪು ಕದಲದು. ಅದು ಫೋರ್ ವೀಲ್. ಮುಂದಿನ ಚಕ್ರವನ್ನೂ ಹಿಂದಿನ ಚಕ್ರವನ್ನೂ ಮನುಷ್ಯ ತಾನೇ ಬೆಸೆಯಬೇಕು. ಮುಂದಿನವು ಎಳೆಯುತ್ತವೆ, ಹಿಂದಿನವು ನೂಕುತ್ತವೆ. ಮೆಲ್ಲಗೆ, ಆದರೆ ಬಿಡದೆ.

ಇಳಿದು ಬಂದಾಗ ಅದೇ ಕಲ್ಲಿನ ಹತ್ತಿರ ಬೆಸುಗೆ ಬಿಡಿಸುತ್ತಿದ್ದ. ಒಮ್ಮೆ ಮರೆತನಂತೆ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ಉರುಳಬೇಕು, ಬೆಸೆದದ್ದು ಬಿಡದು; ಗಟ್ಟಿ ಡಾಂಬರಿನಲ್ಲಿ ಜೀಪು ಕುಂಟಿ ಕುಂಟಿ, ಒಳಗಿನ ಕಬ್ಬಿಣ ಮುರಿದು ನಿಂತಿತು. ಆ ತಪ್ಪನ್ನು ಅವನೇ ಊರೂರಿಗೆ ಹೇಳಿಕೊಂಡು ಬಂದ ಅಂತಾರೆ. ತಪ್ಪು ಮಾಡಿ ಹೇಳಿಕೊಂಡ ಅಧಿಕಾರಿಯನ್ನು ನಾನಂತೂ ಕಂಡಿಲ್ಲ.

ಒಂದು ಮಳೆಗಾಲ ಪಟ್ಟಣದಿಂದ ಸಾಹೇಬರು ಹೊಸ ಕಾರು ತಂದರು. ಇದು ಆಲ್ ವೀಲ್, ಬಿಲ್ಲೆ ತಿರುಗಿಸಬೇಕಿಲ್ಲ, ಗೇರು ಎಳೆಯಬೇಕಿಲ್ಲ, ಯಾವ ಚಕ್ರ ಜಾರುತ್ತದೆಂದು ಯಂತ್ರವೇ ತಿಳಿದು ಬಲ ಹಂಚುತ್ತದೆ ಅಂದರು. ಹಳೇ ಜೀಪನ್ನು ಬೆಟ್ಟದ ಬುಡದಲ್ಲಿ ಗೇಟಿನೊಳಗೆ ಕೂಡಿ ಬೀಗ ಹಾಕಿಸಿದರು. ಜಡೇಗೌಡ ಹೊಸ ಕಾರನ್ನು ಸುರಿಯುವ ಮಳೆಯಲ್ಲಿ ಡಾಂಬರಿನ ಮೇಲೆ ಓಡಿಸಿ ನೋಡಿದ. ಒಂದು ತಿರುವಿನಲ್ಲೂ ಜಾರಲಿಲ್ಲ. ಅವನು ಸುಳ್ಳಾಡುವವನಲ್ಲ. ರಸ್ತೆಗೆ ಇದಕ್ಕಿಂತ ಒಳ್ಳೆಯದಿಲ್ಲ ಬುದ್ಧಿ, ಆದರೆ ಆನೆಜಾರು ರಸ್ತೆಯಲ್ಲವಲ್ಲ ಅಂದ. ಸಾಹೇಬರು ನಕ್ಕರು.

ಅಷ್ಟರಲ್ಲಿ ಮೇಲಿನಿಂದ ಸುದ್ದಿ ಬಂತು. ಗವಿದೊಡ್ಡಿಯ ಕೇತಮ್ಮನಿಗೆ ಬೆಳಗಿನಿಂದ ನೋವು, ಕೂಸು ಅಡ್ಡ ನಿಂತಿದೆ. ನಡೀರಿ, ನಾನೂ ಬರುತ್ತೇನೆ, ಕಾರಿನ ತಾಕತ್ತು ನೋಡುವಿರಂತೆ ಅಂತ ಸಾಹೇಬರು ಮುಂದೆ ಕೂತರು. ಜಡೇಗೌಡ ಓಡಿಸಿದ, ಕಾರು ಕಲ್ಲು ದಾಟಿತು. ಹತ್ತಿತು, ಹತ್ತಿತು, ಏರಿನ ಕಾಲುಭಾಗ ಹತ್ತಿತು! ಅಲ್ಲಿ ಹೊಟ್ಟೆ ಬಂಡೆಗೆ ತಾಗಿತು. ಎರಡು ಚಕ್ರ ಗಾಳಿಯಲ್ಲಿ ಗಿರಗಿರ, ಎರಡು ಕೆಸರಿನಲ್ಲಿ ಸುಮ್ಮನೆ. ಸುಟ್ಟ ವಾಸನೆ ಬಂತು. ಕೆಂಪು ದೀಪ ಹತ್ತಿತು. ಬಿಸಿಯಾಗಿದೆ, ಇನ್ನು ಆಗದು ಅಂತ ಯಂತ್ರ ತಾನೇ ತೀರ್ಮಾನ ಮಾಡಿ ಬಲ ನಿಲ್ಲಿಸಿತು.

ಜಡೇಗೌಡ ಕೆಳಗೆ ಓಡಿದ. ಬೀಗದ ಕೀಲಿ ಪಟ್ಟಣದಲ್ಲಿ! ಗೇಟನ್ನೇ ಹೆಗಲು ಕೊಟ್ಟು ಕಿತ್ತ ಅಂತಾರೆ. ಕಿತ್ತ ಗೇಟು ಹೊಳೆಯಾಚೆ ಬಿತ್ತು ಅಂತಲೂ ಅಂತಾರೆ. ಜೀಪು ಗುಡುಗಿಕೊಂಡು ಕಲ್ಲಿನ ಹತ್ತಿರ ಬಂತು. ಅಂಥ ಗಳಿಗೆಯಲ್ಲೂ ನಿಲ್ಲಿಸಿದ! ಇಳಿದ! ಬಿಲ್ಲೆ ತಿರುಗಿಸಿ ಕೂಗಿದ. ಬುಡದಲ್ಲಿ ನೆರೆದಿದ್ದವರೆಲ್ಲ “ಸೇರಿದವು!” ಅಂತ ಅರಚಿದ್ದು ನೆತ್ತಿಯ ಮೇಲಿದ್ದ ಕೇತಮ್ಮನ ಕಿವಿಗೆ ಬಿತ್ತಂತೆ. ಜೀಪು ಮುದುಕಿ ನಡೆಯುವಷ್ಟು ಮೆಲ್ಲಗೆ ಹತ್ತಿತು. ಒಂದು ಕೋಳಿ ಅದಕ್ಕಿಂತ ಮುಂದೆ ಹೋಯಿತಂತೆ. ಹೋಗಲಿ! ಜೀಪು ಒಂದು ಗೇಣೂ ಹಿಂದೆ ಜಾರಲಿಲ್ಲ. ಕಾರಿನ ಪಕ್ಕದಿಂದಲೇ ಹೋಯಿತು. ಸಾಹೇಬರು ಕೆಸರು ಮೆತ್ತಿದ ಬೂಟಿನಲ್ಲಿ ಹಿಂದೆ ಹತ್ತಿಕೊಂಡರು.

ಕೇತಮ್ಮನನ್ನೂ ಅವಳ ಅತ್ತೆ ಮಾದಮ್ಮನನ್ನೂ ಕೂರಿಸಿಕೊಂಡು ಇಳಿದರು. ಕಲ್ಲು ಬಂತು. ಜಡೇಗೌಡ ಮತ್ತೆ ನಿಲ್ಲಿಸಿದ. ಮಾದಮ್ಮ ಕೆಂಡವಾದಳು.

“ಏನ್ಲಾ ಜಡೆಯ, ಕೂಸು ಆಚೆ ಬತ್ತಾ ಅದೆ, ನೀನು ಚಕ್ರ ಸವರ್ಕೊಂಡು ಕುಂತಿದ್ದೀಯಾ?”

“ಇಲ್ಲಿ ಬಿಡುಸ್ದೆ ಹೋದ್ರೆ ಮುಂದ್ಲ ತಿರುವಲ್ಲೇ ನಿಂತೋಯ್ತೀವಿ, ದೊಡ್ಡವ್ವ. ಒಂದ್ಸಲ ನಿಂತಿವ್ನಿ.”

“ಹಂಗಾರೆ ಆ ಕಡೇದು ನಾನು ತಿರುಗುಸ್ತೀನಿ, ಸರಿ!” ಅಂತ ಮುದುಕಿಯೇ ಧುಮುಕಿ ಆಚೆ ಚಕ್ರದ ಬಿಲ್ಲೆ ತಿರುಗಿಸಿದಳಂತೆ. ಆಸ್ಪತ್ರೆ ಮುಟ್ಟಿದರು. ತಾಯಿಯೂ ಉಳಿದಳು, ಕೂಸೂ ಉಳಿಯಿತು. ಜಡೇಗೌಡ ಸಾಹೇಬರಿಗೆ ಬೈಯಲಿಲ್ಲ. ಒಂದೇ ಮಾತು ಹೇಳಿದನಂತೆ: ಇನ್ನು ಮೇಲೆ ಬೆಟ್ಟಕ್ಕೆ ಗಾಡಿ ಕೊಡುವವರು ಮೊದಲು ಅದರಲ್ಲಿ ಕೂತು ಆನೆಜಾರು ಹತ್ತಲಿ.

ಈಗಲೂ ಅಪರೂಪಕ್ಕೆ ಬೆಟ್ಟಕ್ಕೆ ಬರುವ ಪ್ರತಿ ಬಾಡಿಗೆ ಜೀಪು ಆ ಕಲ್ಲಿನ ಹತ್ತಿರ ನಿಲ್ಲುತ್ತದೆ. ಡ್ರೈವರು ಬೆರಳಿನಷ್ಟು ಗ್ರೀಸನ್ನು ಕಲ್ಲಿಗೆ ಬಳಿಯುತ್ತಾನೆ. ಬಿಲ್ಲೆಯೇ ಇಲ್ಲದ ಹೊಸ ಜೀಪಿನವರೂ ಇಳಿದು ಚಕ್ರ ಮುಟ್ಟಿ ಕೂಗುತ್ತಾರೆ, ಕೂತವರು ಉತ್ತರ ಕೊಡುತ್ತಾರೆ. ಕೂಗುವುದನ್ನೇನೋ ನೀವು ಉಳಿಸಿಕೊಂಡಿರಿ. ಜಡೇಗೌಡ ಹೇಳಿದ ಮಾತನ್ನು ಬಿಟ್ಟಿರಿ! ಕಳೆದ ಸಲವೂ ಇಂಥದೇ ಕಾರು ಬಂದಾಗ ಕೆಳಗೆ ಶಾಲೆ ಅಂಗಳದಲ್ಲೇ ಈಗಿನ ಸಾಹೇಬರಿಗೆ ಹಾರ ಹಾಕಿ ಕೀಲಿ ಈಸಿಕೊಂಡಿರಿ. ಆ ಕಾರು ಇವತ್ತಿಗೂ ಡಾಂಬರು ಬಿಟ್ಟು ಮೇಲೆ ಬಂದಿಲ್ಲ, ನಮ್ಮ ಹೆಂಗಸರನ್ನು ಕಂಬಳಿ ಜೋಲಿಯಲ್ಲಿ ಹೊತ್ತು ಇಳಿಸುತ್ತಿದ್ದೇವೆ.

ಸೋಮವಾರ ಅವರು ಮತ್ತೆ ಹೊಸ ಕಾರಿನ ಕೀಲಿ ಕೊಡಲು ಬರುತ್ತಾರೆ. ಹಾರ ತರಬೇಡಿ. ಎಲ್ಲರೂ ಕೂಗುಕಲ್ಲಿಗೆ ಬನ್ನಿ. ಸಾಹೇಬರನ್ನು ಅವರದೇ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಏರು ತೋರಿಸಿ, ಹತ್ತಿ ಅನ್ನಿ. ಹತ್ತದಿದ್ದರೆ ಕೀಲಿಯನ್ನು ಅವರ ಕೈಗೇ ವಾಪಸು ಇಟ್ಟು ಜೀಪು ಕೇಳಿ.